ಎಚ್‌ಎಂಟಿ ಜನತಾ: ದಿನಾ ಕೀ ಕೇಳುವ ವಾಚು, ಈಗ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಹಳೆ ವಾಚು ಕೊಳ್ಳುವ ಮನಸ್ಸಿದ್ದರೆ ಎಚ್‌ಎಂಟಿ ಜನತಾ ಕೊಳ್ಳಿ. ಅದೇ ಕಂಪನಿಯ ಪೈಲಟ್ ಬೇಡ, ಬಣ್ಣಬಣ್ಣದ ಡಯಲ್ ಇರುವ ಇನ್ಯಾವುದೋ ಬೇಡ. ಡಯಲ್ ಸ್ವಲ್ಪ ಹಳದಿಗೆ ತಿರುಗಿರುವ, ಗ್ಲಾಸಿನ ಮೇಲೆ ಗೀರು ಬಿದ್ದಿರುವ, ಫೋಟೋದಲ್ಲಿ ನೋಡಲು ಸಪ್ಪೆಯಾಗಿ ಕಾಣುವ ಜನತಾ ಕೊಳ್ಳಿ. ಸಪ್ಪೆಯಾಗಿದೆ ಅನ್ನುವುದೇ ಅದರ ದೊಡ್ಡ ಗುಣ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ವಾಚು ಕೂಡಿಡುವ ಹುಚ್ಚು ಹತ್ತಿ ಕೆಲವು ವರ್ಷಗಳಾದವು. ದೊಡ್ಡ ಸಂಗ್ರಹವೇನಲ್ಲ, ಎಲ್ಲಾ ಸೇರಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಿಡಿಯುತ್ತವೆ. ಎಲ್ಲವೂ ಎಚ್‌ಎಂಟಿ. ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಒಂದು ಕಾಂಚನ್ ಬಿಟ್ಟರೆ ಎಲ್ಲವೂ ಕೀ ಕೊಡುವಂಥವು. ನನ್ನದು ಒಂದೇ ನಿಯಮ: ಕೈಗೆ ಕಟ್ಟದ ವಾಚಿಗೆ ಡಬ್ಬಿಯಲ್ಲಿ ಜಾಗವಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕಟ್ಟಿಕೊಂಡು ಬಸ್ಸು ಹತ್ತಿ, ಪುಸ್ತಕದ ಕಪಾಟು ಜಾಡಿಸಿ, ತರಕಾರಿ ತಂದ ಮೇಲೆ ಗೊತ್ತಾದದ್ದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದ್ದಲ್ಲ.

ನನ್ನ ಹತ್ತಿರವಿರುವ ಜನತಾದ್ದು ಬಿಳಿ ಡಯಲ್. ಅಂಕಿಗಳಿಲ್ಲ, ಗಂಟೆಗೊಂದು ಗೆರೆ. ತಾರೀಕಿನ ಕಿಂಡಿ ಇಲ್ಲ. ಮೂರು ಮುಳ್ಳು, ಹನ್ನೆರಡರ ಕೆಳಗೆ ಕಂಪನಿಯ ಹೆಸರು, ಆರರ ಮೇಲೆ 17 ಜ್ಯುವೆಲ್ಸ್, ಪ್ಯಾರಾ ಶಾಕ್ ಅಂತ ಸಣ್ಣ ಅಕ್ಷರ. ಅಷ್ಟೇ. ಜ್ಯುವೆಲ್ ಅಂದರೆ ಒಳಗಿನ ಚಕ್ರಗಳ ತುದಿ ಕೂರುವ ಸಣ್ಣ ಕೆಂಪು ಕಲ್ಲು. ಲೋಹಕ್ಕೆ ಲೋಹ ಉಜ್ಜಿ ಸವೆಯದಿರಲಿ ಅಂತ ಹಾಕುತ್ತಾರೆ. ಪ್ಯಾರಾ ಶಾಕ್ ಅಂದರೆ ವಾಚು ಕೆಳಗೆ ಬಿದ್ದಾಗ ಒಳಗೆ ಅತ್ತಿತ್ತ ತೂಗುತ್ತಾ ಟೈಮ್ ಅಳೆಯುವ ಚಕ್ರದ, ಅಂದರೆ ಬ್ಯಾಲೆನ್ಸ್‌ನ ಕೂದಲಿನಂಥ ಕಡ್ಡಿ ಮುರಿಯದ ಹಾಗೆ ಕಾಯುವ ಸ್ಪ್ರಿಂಗಿನ ಏರ್ಪಾಡು. ತಾರೀಕು ಇಲ್ಲದ್ದು ಕೊರತೆ ಅನ್ನುವವರಿದ್ದಾರೆ. ನನಗಂತೂ ಅದೇ ಇಷ್ಟ. ಡಬ್ಬಿಯಲ್ಲಿ ಹತ್ತು ದಿನ ಮಲಗಿದ್ದ ವಾಚನ್ನು ಎತ್ತಿಕೊಂಡಾಗ ತಾರೀಕು ಸರಿಮಾಡುತ್ತಾ ಕೂರುವ ಕೆಲಸವಿಲ್ಲ. ಟೈಮ್ ತಿರುಗಿಸು, ಕೀ ಕೊಡು, ಹೊರಡು.

ಅಗಲ ಸುಮಾರು 35 ಮಿಲಿಮೀಟರ್. ಈಗಿನ ಗಂಡಸರ ವಾಚುಗಳ ಪಕ್ಕ ಇಟ್ಟರೆ ಇದು ಮಕ್ಕಳದ್ದಾ ಅನ್ನಿಸಬಹುದು. ಆದರೆ ಹೆಂಗಸರ ಕೈಗೆ ಹೇಳಿ ಮಾಡಿಸಿದ ಅಳತೆ. ಆಗ ಹೆಂಗಸರಿಗೆ ಅಂತಲೇ ಸುಜಾತಾ ಮಾಡುತ್ತಿದ್ದರು. ನನ್ನ ಹತ್ತಿರ ಒಂದಿದೆ. ಚೆಂದವಾಗಿದೆ, ಆದರೆ ಡಯಲ್ ಎಷ್ಟು ಚಿಕ್ಕದು ಅಂದರೆ ಕನ್ನಡಕ ತೆಗೆದರೆ ಟೈಮ್ ಎಷ್ಟು ಅನ್ನುವುದು ಬರೀ ಊಹೆ. ಗಂಡಸರಿಗೆ ಟೈಮ್ ನೋಡಲು ವಾಚು, ಹೆಂಗಸರಿಗೆ ಬಳೆ ಪಕ್ಕ ಹೊಳೆಯಲು ವಾಚು ಅನ್ನುವ ಲೆಕ್ಕ ಆ ಕಾಲದ್ದು. ನೀವು ಹೆಣ್ಣುಮಕ್ಕಳಾಗಿದ್ದು ಕೀ ವಾಚು ಕೊಳ್ಳುವುದಾದರೆ ಸುಜಾತಾ ಹುಡುಕಿಕೊಂಡು ಹೋಗಬೇಡಿ, ಸೀದಾ ಜನತಾ ಕೊಳ್ಳಿ. ಪಟ್ಟಿ ಕೂರುವ ಜಾಗ 18 ಮಿಲಿಮೀಟರ್, ಆ ಅಳತೆಯ ಪಟ್ಟಿ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಹಳೆ ವಾಚಿನ ಜೊತೆ ಬರುವ ಚೈನನ್ನು ಮೊದಲು ಬಿಚ್ಚಿಡಿ. ಕೈಕೂದಲು ಕೀಳುತ್ತದೆ, ಸೀರೆಯ ಸೆರಗಿಗೂ ಸಿಕ್ಕಿಕೊಳ್ಳುತ್ತದೆ. ಸಾದಾ ಕಂದು ಚರ್ಮದ ಪಟ್ಟಿ ಸಾಕು.

ಗ್ಲಾಸ್ ಅನ್ನುತ್ತೇವೆ, ಅದು ಗಾಜಲ್ಲ, ಪ್ಲಾಸ್ಟಿಕ್. ಅಕ್ರಿಲಿಕ್. ಕಬ್ಬಿಣದ ಕಪಾಟಿಗೆ ತಾಗಿದರೆ ಗೀರು, ಬಸ್ಸಿನ ಕಂಬಿಗೆ ತಾಗಿದರೆ ಗೀರು. ಆದರೆ ಒಡೆಯುವುದು ಅಪರೂಪ. ಗೀರು ಬಿದ್ದರೆ ಹತ್ತಿಬಟ್ಟೆಗೆ ಚೂರು ಬಿಳಿ ಟೂತ್‌ಪೇಸ್ಟ್ ಹಚ್ಚಿ ಐದು ನಿಮಿಷ ಉಜ್ಜಿದರೆ ಮುಕ್ಕಾಲು ಪಾಲು ಹೋಗುತ್ತದೆ. ಜೆಲ್ ಪೇಸ್ಟ್ ಆಗುವುದಿಲ್ಲ. ಉಜ್ಜುವಾಗ ಕೀ (ಪಕ್ಕದಲ್ಲಿ ತಿರುಗಿಸುವ ಗುಂಡಿ) ಕಡೆ ಪೇಸ್ಟ್ ಹೋಗದಂತೆ ನೋಡಿಕೊಳ್ಳಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಮಾಡುವ ಕೆಲಸ ಇದು. ಮನೆಯವರು ಪಾತ್ರೆ ತೊಳೆಯುವುದಕ್ಕಿಂತ ಜಾಸ್ತಿ ಶ್ರದ್ಧೆ ಇದಕ್ಕೆ ಅಂತ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ.

ಇನ್ನು ಒಳಗಿನ ಯಂತ್ರ. ರಿಪೇರಿಯವರು ಇದನ್ನು ಮಷೀನು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. 0231 ಅಂತ ಅದರ ನಂಬರು. ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ಇಲ್ಲಿ ಮಾಡಿದ ಮಷೀನಿನ ವಂಶದ್ದು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ದಿನಕ್ಕೆ ನಾಲ್ಕು ಲಕ್ಷ ಮೂವತ್ತೆರಡು ಸಾವಿರ. ಕಿವಿ ಹತ್ತಿರ ಹಿಡಿದರೆ ಸ್ಪಷ್ಟವಾಗಿ ಕೇಳುತ್ತದೆ. ಲೈಬ್ರರಿಯ ಮೌನದಲ್ಲಿ ಕೈ ಮೇಜಿನ ಮೇಲಿಟ್ಟರೂ ಕೇಳುತ್ತದೆ.

ಬೆಳಿಗ್ಗೆ ಕೀ ಕೊಡಬೇಕು. ಮುಂದಕ್ಕೆ ಇಪ್ಪತ್ತೈದು ಮೂವತ್ತು ಸುತ್ತು, ಗಟ್ಟಿಯಾಗಿ ತಡೆದ ಕಡೆ ನಿಲ್ಲಿಸಬೇಕು. ಹಾಗೆ ಕೊಟ್ಟರೆ ಮರುದಿನ ಬೆಳಿಗ್ಗೆ ಸ್ವಲ್ಪ ತಡವಾಗಿ ಎದ್ದರೂ ನಿಂತಿರುವುದಿಲ್ಲ. ‘ಕೀ ಜಾಸ್ತಿ ಕೊಟ್ಟು ಕೆಡಿಸಿಬಿಟ್ಟ’ ಅನ್ನುವ ಮಾತು ಎಲ್ಲರ ಮನೆಯಲ್ಲೂ ಕೇಳಿರುತ್ತೀರಿ. ಪೂರ್ತಿ ಕೀ ಕೊಟ್ಟ ವಾಚು ನಿಂತಿದ್ದರೆ ತಪ್ಪು ಕೀಯದ್ದಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಸ್ಪ್ರಿಂಗು ಬಿಗಿಯಾಗಿದ್ದರೂ ಚಕ್ರ ತಿರುಗಿಸಲು ಆಗುವುದಿಲ್ಲ. ಬೇಕಂತಲೇ ಬಲ ಹಾಕಿ ತಿರುಗಿಸದಿದ್ದರೆ ಕೀ ಕೊಟ್ಟು ವಾಚು ಕೆಡಿಸುವುದು ಸುಲಭವಲ್ಲ. ಎಷ್ಟೋ ಮನೆಗಳ ಬೀರುವಿನಲ್ಲಿ ‘ಕೆಟ್ಟಿದೆ’ ಅಂತ ಮಲಗಿರುವ ವಾಚುಗಳಿಗೆ ಬೇಕಿರುವುದು ಬರೀ ಒಂದು ಸರ್ವೀಸು.

ಟೈಮ್ ಸರಿಯಾಗಿ ತೋರಿಸುತ್ತದಾ? ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನದು ಸರ್ವೀಸಾದ ಮೇಲೆ ದಿನಕ್ಕೆ ಅರ್ಧ ನಿಮಿಷದ ಆಸುಪಾಸು ಮುಂದೆ ಹೋಗುತ್ತದೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ದಿನಕ್ಕೆ 86,400 ಸೆಕೆಂಡ್. ಅದರಲ್ಲಿ ಮೂವತ್ತು ತಪ್ಪಿದರೆ ನೂರಕ್ಕೆ 0.035. ಬ್ಯಾಟರಿ ಇಲ್ಲದೆ, ಒಂದು ಸುರುಳಿ ಪಟ್ಟಿಯ ಬಿಗಿಯಲ್ಲಿ, ಬೇಸಿಗೆ ಸೆಕೆಯಲ್ಲೂ ಚಳಿಯಲ್ಲೂ ಇಷ್ಟು ಸರಿಯಾಗಿ ನಡೆದರೆ ನನಗೆ ಸಾಕು. ಬಸ್ಸು ಅದಕ್ಕಿಂತ ಜಾಸ್ತಿ ತಪ್ಪುತ್ತದೆ ಅಲ್ವಾ.

ಇದರಲ್ಲಿ ಒಂದು ಆಟವೂ ಇದೆ. ರಾತ್ರಿ ವಾಚನ್ನು ಯಾವ ಭಂಗಿಯಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಅದರ ನಡಿಗೆ ಬದಲಾಗುತ್ತದೆ. ಮುಖ ಮೇಲೆ ಮಾಡಿ ಮಲಗಿಸಿದರೆ ಒಂದು ವೇಗ, ಕೀ ಕೆಳಗಾಗಿ ನಿಲ್ಲಿಸಿದರೆ ಇನ್ನೊಂದು. ಬ್ಯಾಲೆನ್ಸ್ ಚಕ್ರದ ಮೇಲೆ ಭೂಮಿಯ ಸೆಳೆತ ಬೇರೆ ಬೇರೆ ರೀತಿ ಬೀಳುವುದರಿಂದ ಹೀಗಾಗುತ್ತದೆ. ನನ್ನ ಜನತಾ ಕೀ ಕೆಳಗಿದ್ದಾಗ ನಿಧಾನ. ಹಾಗಾಗಿ ಹಗಲು ಮುಂದೆ ಹೋದದ್ದನ್ನು ರಾತ್ರಿ ಹಾಗೆ ನಿಲ್ಲಿಸಿಟ್ಟು ಹಿಂದಕ್ಕೆ ಎಳೆಯುತ್ತೇನೆ. ವಾಚಿನ ಟಿಕ್ ಕೇಳಿಸಿಕೊಂಡು ವೇಗ ಲೆಕ್ಕ ಹಾಕುವ ಆ್ಯಪ್‌ಗಳು ಫೋನಿಗೆ ಸಿಗುತ್ತವೆ. ಮೈಕಿನ ಮೇಲೆ ವಾಚು ಇಟ್ಟರೆ ಸಾಲಾಗಿ ಚುಕ್ಕಿ ಬೀಳುತ್ತವೆ. ಸಾಲು ಮೇಲಕ್ಕೇರಿದರೆ ಮುಂದೆ, ಕೆಳಗಿಳಿದರೆ ಹಿಂದೆ. ಬಿ.ಎಸ್ಸಿ. ಹುಡುಗರು ಪುಸ್ತಕ ವಾಪಸ್ ಕೊಡಲು ಬಂದವರು ಇದನ್ನು ನೋಡಿ ಅಲ್ಲೇ ನಿಂತುಬಿಡುತ್ತಾರೆ. ಲೋಲಕದ ಪಾಠ ಓದಿದ್ದರೂ ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್ ಉಸಿರಾಡುವುದನ್ನು ಅವರು ನೋಡಿರಲಿಲ್ಲ.

ಒಂದು ಎಚ್ಚರಿಕೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ವ್ಯಾನಿಟಿ ಬ್ಯಾಗಿನ ಬಾಯಿಗೆ ಆಯಸ್ಕಾಂತದ ಗುಂಡಿ ಇರುತ್ತದಲ್ಲ, ಅದರ ಹತ್ತಿರ ವಾಚು ಇಡಬೇಡಿ. ಆಯಸ್ಕಾಂತದ ಗುಣ ಹತ್ತಿದರೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ವಾಚು ನಿಮಿಷಗಟ್ಟಲೆ ಮುಂದೆ ಓಡುತ್ತದೆ. ಫೋನಿನ ಸ್ಪೀಕರ್, ಲ್ಯಾಪ್‌ಟಾಪಿನ ಮುಚ್ಚಳ ಕೂಡ ಹಾಗೇ. ನಿನ್ನೆವರೆಗೆ ಸರಿಯಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಓಡತೊಡಗಿದರೆ ಗಾಬರಿ ಬೇಡ. ಆಯಸ್ಕಾಂತ ತೆಗೆಯುವ ಸಣ್ಣ ಯಂತ್ರ ರಿಪೇರಿಯವರ ಹತ್ತಿರ ಇರುತ್ತದೆ, ಒಂದು ನಿಮಿಷದ ಕೆಲಸ.

ಈಗ ಕೊಳ್ಳುವ ವಿಷಯ. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು.

ಆನ್‌ಲೈನಿನಲ್ಲಿ ಎಚ್‌ಎಂಟಿ ಅಂತ ಹುಡುಕಿದರೆ ಮೊದಲು ಕಾಣುವುದು ಪೈಲಟ್. ಕಿತ್ತಳೆ, ಗಿಳಿಹಸಿರು, ನೇರಳೆ, ಅರ್ಧ ಕೆಂಪು ಅರ್ಧ ಕಪ್ಪು. ಕಂಪನಿಯ ಪೈಲಟ್ ಹೆಸರಾದದ್ದು ಕಪ್ಪು ಡಯಲ್, ಬಿಳಿ ಅಂಕಿಗಳಿಂದ. ಕತ್ತಲಲ್ಲಿ ಹೊಳೆಯಲಿ ಅಂತ ನಾವು ರೇಡಿಯಂ ಅನ್ನುತ್ತೇವಲ್ಲ ಆ ಬಣ್ಣ ಹಚ್ಚಿರುತ್ತಿದ್ದರು. ಈಗ ಸಿಗುವ ಈ ಹೋಳಿ ಬಣ್ಣದ್ದೆಲ್ಲ ಹಳೆ ಡಯಲ್ ಕೆರೆದು ಹೊಸದಾಗಿ ಬಣ್ಣ ಹೊಡೆದು ಅಚ್ಚು ಹಾಕಿದ್ದು. ಸಂಗ್ರಹ ಮಾಡುವವರು ಇದಕ್ಕೆ ರೀಡಯಲ್ ಅನ್ನುತ್ತಾರೆ. ಅದರ ಒಳಗೆ ಮೂರು ನಾಲ್ಕು ವಾಚುಗಳಿಂದ ಬಿಚ್ಚಿದ ಭಾಗ ಸೇರಿಸಿರುವುದೂ ಉಂಟು. ನಡೆಯುತ್ತವೆ, ಸುಳ್ಳಲ್ಲ. ಬಣ್ಣ ಇಷ್ಟವಾಗಿ, ರೀಡಯಲ್ ಅಂತ ಗೊತ್ತಿದ್ದೇ ಕೊಂಡರೆ ನನ್ನದೇನೂ ತಕರಾರಿಲ್ಲ. ‘ಹಳೇ ಸ್ಟಾಕ್, ಬಳಸಿಯೇ ಇಲ್ಲ’ ಅಂತ ಹೇಳಿ ಮೂರು ಪಟ್ಟು ಬೆಲೆ ಕೇಳುತ್ತಾರಲ್ಲ, ಅದು ಮೋಸ.

ಜನತಾ ಯಾಕೆ ಅಂತ ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ, ಉತ್ತರ ಇಲ್ಲಿದೆ. ಪೈಲಟ್‌ಗೆ ಬೇಡಿಕೆ ಇದೆ, ಹಾಗಾಗಿ ಅದಕ್ಕೆ ಬಣ್ಣ ಹೊಡೆಯಲು ಜನ ಕಾದಿದ್ದಾರೆ. ಸಪ್ಪೆ ಬಿಳಿ ಜನತಾಕ್ಕೆ ಅಷ್ಟು ಕಷ್ಟಪಡುವವರು ಕಡಿಮೆ. ಸಾಮಾನ್ಯ ಜನರಿಗೆ ಅಂತ ಮಾಡಿದ ವಾಚು, ಅಸಲಿ ಸ್ಥಿತಿಯಲ್ಲಿ ಸಿಗುವ ಸಾಧ್ಯತೆ ಅದರಲ್ಲೇ ಜಾಸ್ತಿ. ಹಳದಿಗೆ ತಿರುಗಿದ ಡಯಲ್ ಅಂದರೆ ಅದನ್ನು ಯಾರೂ ಮುಟ್ಟಿಲ್ಲ ಅಂತ. ಹಾಗಂತ ಜನತಾದಲ್ಲಿ ರೀಡಯಲ್ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಭೂತಗನ್ನಡಿ ಹಿಡಿದು ನೋಡಿ. ಅಸಲಿ ಅಚ್ಚಿನಲ್ಲಿ ಸಣ್ಣ ಅಕ್ಷರವೂ ತೆಳ್ಳಗೆ, ಚೂಪಾಗಿ ಇರುತ್ತದೆ. ಮತ್ತೆ ಹೊಡೆದದ್ದರಲ್ಲಿ ಅಕ್ಷರ ಊದಿಕೊಂಡಿರುತ್ತದೆ, ಜ್ಯುವೆಲ್ಸ್ ಅನ್ನುವ ಪದ ಒಂದು ಕಡೆ ವಾಲಿರುತ್ತದೆ, ನಿಮಿಷದ ಗೆರೆಗಳು ಅಂಚಿನಲ್ಲಿ ತುಂಡಾಗಿರುತ್ತವೆ. ಅಂಟಿಸಿರುವ ಗಂಟೆಯ ಕಡ್ಡಿ ಮತ್ತು ಅಚ್ಚಾದ ನಿಮಿಷದ ಗೆರೆ ಒಂದೇ ನೇರದಲ್ಲಿವೆಯಾ ಅಂತ ನೋಡಿ. ಇಲ್ಲದಿದ್ದರೆ ಆ ವಾಚು ಬಿಟ್ಟು ಮುಂದಕ್ಕೆ ಹೋಗಿ.

ಮಾರುವವರ ಹತ್ತಿರ ಹಿಂದಿನ ಮುಚ್ಚಳ ತೆಗೆದು ಮಷೀನಿನ ಫೋಟೋ ಕೇಳಿ. ಕಂಪನಿ ಹೆಸರು, 17 ಜ್ಯುವೆಲ್ಸ್, ನಂಬರು ಕೆತ್ತಿರಬೇಕು. ತುಕ್ಕು, ಸ್ಕ್ರೂಗಳ ತಲೆ ಕಿತ್ತುಹೋಗಿರುವುದು ಕಂಡರೆ ಬೇಡ. ಜೊತೆಗೆ ಒಂದು ವಿಡಿಯೋ ಕೇಳಿ, ಬ್ಯಾಲೆನ್ಸ್ ಚಕ್ರ ಉತ್ಸಾಹದಿಂದ ಆಡುತ್ತಿದೆಯಾ ಇಲ್ಲಾ ಸುಸ್ತಾಗಿ ತೂಗುತ್ತಿದೆಯಾ ಅಂತ ಒಂದೆರಡು ನೋಡಿದ ಮೇಲೆ ಕಣ್ಣಿಗೇ ಗೊತ್ತಾಗುತ್ತದೆ. ಒಬ್ಬ ಮಾರಾಟಗಾರ ನನಗೆ ‘ಮುಚ್ಚಳ ತೆಗೆದರೆ ಕಂಪನಿ ಸೀಲು ಹೋಗುತ್ತೆ ಮೇಡಂ’ ಅಂದ. ನಲವತ್ತು ವರ್ಷದ ವಾಚಿಗೆ ಯಾವ ಸೀಲಪ್ಪಾ! ಅಲ್ಲಿಗೇ ಮಾತು ಮುಗಿಸಿದೆ. ಇನ್ನೊಬ್ಬರು ಎಂಟು ಫೋಟೋ, ಎರಡು ವಿಡಿಯೋ ಕಳಿಸಿ ‘ಗ್ಲಾಸ್ ಬದಲಾಗಿದೆ, ಕೀ ಅಸಲಿಯದ್ದಲ್ಲ, ಮಿಕ್ಕಿದ್ದೆಲ್ಲ ಅಸಲಿ’ ಅಂತ ತಾವೇ ಬರೆದರು. ಅವರಿಂದ ಕೊಂಡೆ. ಗ್ಲಾಸು, ಪಟ್ಟಿ, ಕೀ ಬದಲಾಗಿದ್ದರೆ ಚಿಂತೆಯಿಲ್ಲ, ಅವು ಸವೆಯುವಂಥವೇ. ಡಯಲ್ ಮತ್ತು ಮಷೀನು ಮಾತ್ರ ಬಿಟ್ಟುಕೊಡಬೇಡಿ.

ಬೆಲೆ? ನಾನು ಕೊಟ್ಟದ್ದು ಎರಡು ಸಾವಿರದ ಒಳಗೆ. ಅದರ ಮೇಲೆ ಸರ್ವೀಸಿಗೆ ಒಂದು ಐನೂರು ಆರುನೂರು ಎತ್ತಿಡಿ. ಸರ್ವೀಸ್ ಆಗಿದೆ ಅಂತ ಮಾರುವವರು ಹೇಳಿದರೂ ಸರಿ, ಎತ್ತಿಡಿ. ಬಹಳ ಸಲ ಅವರ ಸರ್ವೀಸು ಅಂದರೆ ಪೆಟ್ರೋಲಿನಲ್ಲಿ ಅದ್ದಿ ತೆಗೆದದ್ದು. ಆದರೆ ಆನ್‌ಲೈನಿಗೆ ಮೊದಲು ನಿಮ್ಮ ಮನೆಯ, ನೆಂಟರ ಮನೆಯ ಬೀರು ನೋಡಿ. ಎಸ್‌ಎಸ್‌ಎಲ್‌ಸಿ ಪಾಸಾದದ್ದಕ್ಕೆ, ಮದುವೆಯಲ್ಲಿ ಅಳಿಯನಿಗೆ, ಕೆಲಸ ಸಿಕ್ಕಿದ್ದಕ್ಕೆ ವಾಚು ಕೊಡುತ್ತಿದ್ದ ಕಾಲ ಅದು. ಒಂದು ಇದ್ದೇ ಇರುತ್ತದೆ.

ನಮ್ಮೂರಿನಲ್ಲಂತೂ ಈ ವಾಚಿನ ಮಾತು ಶುರುವಾದರೆ ನಿಲ್ಲುವುದಿಲ್ಲ. ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮಷೀನ್ ಟೂಲ್ಸ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಯಂತ್ರ ಮಾಡುವ ಯಂತ್ರಗಳಿಗಾಗಿ. 1961ರಲ್ಲಿ ಸಿಟಿಜನ್ ಜೊತೆ ಸೇರಿ ವಾಚಿಗೆ ಕೈ ಹಾಕಿದರು, ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ತುಮಕೂರಿಗೆ ಕಾರ್ಖಾನೆ ಬಂದದ್ದು 1978ರಲ್ಲಿ. ಆಮೇಲೆ ಬ್ಯಾಟರಿಯ, ಅಂದರೆ ಕ್ವಾರ್ಟ್ಜ್ ವಾಚುಗಳ ಕಾಲ ಬಂತು. 1984ರಲ್ಲಿ ಶುರುವಾದ ಟೈಟನ್ ಅದನ್ನೇ ಹಿಡಿದು ಮೇಲೆ ಹೋಯಿತು. ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ ಅಂತಲ್ಲ, 1981ರಲ್ಲೇ ಮಾಡಿದ್ದರು. ಆದರೆ ಜೀವ ಇದ್ದದ್ದು ಕೀ ವಾಚಿನಲ್ಲಿ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ. ನಮ್ಮ ಬೀದಿಯಲ್ಲಿ ಅಲ್ಲಿ ಕೆಲಸ ಮಾಡಿದ ಒಬ್ಬರಿದ್ದಾರೆ. ನನ್ನ ಕೈ ನೋಡಿದ ಕೂಡಲೇ ‘ಕೊಡಮ್ಮ ಇಲ್ಲಿ’ ಅಂತ ಬಿಚ್ಚಿಸಿಕೊಂಡು ಕಿವಿಗೆ ಹಿಡಿಯುತ್ತಾರೆ. ‘ಎಣ್ಣೆ ಬೇಕು ಇದಕ್ಕೆ’ ಅಂತ ಅವರು ಹೇಳಿದರೆ ಬೇಕು ಅಂತಲೇ ಅರ್ಥ. ಆ್ಯಪು ಅದನ್ನು ಒಂದು ವಾರ ತಡವಾಗಿ ಹೇಳುತ್ತದೆ.

ವಾಚಿನ ಅರ್ಧ ಮಾರ್ಕು ನಿಜವಾಗಿ ಸೇರಬೇಕಾದದ್ದು ರಿಪೇರಿಯವರಿಗೆ. ನಾನು ಹೋಗುವವರದ್ದು ಅಂಗಡಿ ಅಂತ ಹೇಳುವಷ್ಟು ದೊಡ್ಡದಲ್ಲ. ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು. ವಯಸ್ಸಾದವರು. ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡರೆ ಮಾತಾಡುವುದಿಲ್ಲ. ಮೊದಲ ಸಲ ಹೋಗಿ ‘ಸಾಹೇಬ್ರೇ, ಇದು ಅಸಲಿನಾ ನೋಡಿ’ ಅಂದಾಗ ಮುಚ್ಚಳ ತೆಗೆದು, ಒಂದು ಸಲ ಊದಿ, ‘ಮಷೀನು ಅಸಲಿ. ಕೊಳೆನೂ ಅಸಲಿ’ ಅಂದರು. ಪೂರ್ತಿ ಸರ್ವೀಸು ಅಂದರೆ ಒಂದೊಂದೇ ಚಕ್ರ ಬಿಚ್ಚಿ, ತೊಳೆದು, ಒಣಗಿಸಿ, ಜೋಡಿಸುತ್ತಾ ಕಲ್ಲಿನ ಗುಳಿಗಳಿಗೆ ಸೂಜಿಯ ತುದಿಯಲ್ಲಿ ಎಣ್ಣೆ ಮುಟ್ಟಿಸುವುದು. ಎಣ್ಣೆ ಜಾಸ್ತಿಯಾದರೂ ಕೆಡುಕು. ಕೊನೆಗೆ ಬ್ಯಾಲೆನ್ಸ್ ಮೇಲಿನ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ವೇಗ ಹೊಂದಿಸುತ್ತಾರೆ. ಎರಡು ದಿನ ತಮ್ಮ ಹತ್ತಿರವೇ ಇಟ್ಟುಕೊಂಡು ನೋಡಿ ಆಮೇಲೆ ಕೊಡುತ್ತಾರೆ. ‘ನಾಳೆನೇ ಕೊಡಿ’ ಅಂದರೆ ‘ಹಾಗಾದ್ರೆ ಬೇರೆ ಕಡೆ ಕೊಡಿ ಮೇಡಮ್ಮೋರೆ’ ಅಂತ ನಗುತ್ತಾ ವಾಪಸ್ ಕೊಟ್ಟುಬಿಡುತ್ತಾರೆ. ಇಂಥವರು ನಿಮ್ಮ ಊರಿನಲ್ಲೂ ಇರುತ್ತಾರೆ. ಹುಡುಕುವುದು ಹೇಗೆ ಅಂದರೆ, ‘ಕೀ ವಾಚಿಗೆ ಆಯಿಲಿಂಗ್ ಮಾಡ್ತೀರಾ’ ಅಂತ ಕೇಳಿ. ‘ಕ್ವಾರ್ಟ್ಜ್ ಮಷೀನು ಹಾಕಿಕೊಡ್ತೀನಿ, ಕೀ ಕೊಡೋ ರಗಳೆ ಇರಲ್ಲ’ ಅಂದರೆ ನಮಸ್ಕಾರ ಹೇಳಿ ಹೊರಡಿ.

ಬಿಡಿ ಭಾಗಗಳ ಬಗ್ಗೆ ನನಗೂ ಭಯವಿತ್ತು. ಕಾರ್ಖಾನೆಯೇ ಇಲ್ಲ, ಮೇನ್ ಸ್ಪ್ರಿಂಗ್ ತುಂಡಾದರೆ ಏನು ಗತಿ? ಆದರೆ ಇದು ಮನೆಮನೆಯಲ್ಲಿದ್ದ ಮಷೀನು. ಸತ್ತ ವಾಚುಗಳ ಒಂದು ರಾಶಿಯೇ ಪ್ರತಿ ರಿಪೇರಿಯವರ ಡ್ರಾಯರಿನಲ್ಲಿದೆ. ಒಂದೇ 0231 ಎಷ್ಟೋ ಮಾಡೆಲ್‌ಗಳಿಗೆ ಹೋಗಿರುವುದರಿಂದ ಅದರದ್ದು ಇದಕ್ಕೆ ಕೂರುತ್ತದೆ. ಇಲ್ಲೂ ಸಾಮಾನ್ಯ ವಾಚಿಗೇ ಲಾಭ. ಆಟೋಮ್ಯಾಟಿಕ್ ಕಾಂಚನ್‌ಗೆ ಭಾಗ ಬೇಕಾದಾಗ ಸಾಹೇಬರು ನಿಟ್ಟುಸಿರು ಬಿಡುತ್ತಾರೆ.

ನೀರಿನ ವಿಷಯದಲ್ಲಿ ಮಾತ್ರ ಈ ವಾಚಿಗೆ ನಾನು ಮಾರ್ಕು ಕೊಡಲಾರೆ. ಮಳೆಯಲ್ಲಿ ಕಟ್ಟಬೇಡಿ, ಪಾತ್ರೆ ತೊಳೆಯುವಾಗ ಬಿಚ್ಚಿಡಿ. ಕೀ ಹತ್ತಿರದ ರಬ್ಬರ್ ವಯಸ್ಸಿಗೆ ಒಣಗಿಹೋಗಿರುತ್ತದೆ, ಬೆವರೂ ಒಳಗೆ ಇಳಿಯುತ್ತದೆ. ಗ್ಲಾಸಿನ ಒಳಗೆ ಮಂಜು ಕಂಡರೆ ಬಿಸಿಲಿಗಿಟ್ಟು ಸುಮ್ನೆ ಕಾಯಬೇಡಿ, ಅದೇ ದಿನ ರಿಪೇರಿಗೆ ಒಯ್ಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಕಾಲೇಜಿಗೆ ಕಟ್ಟುವುದು ಒಂದು ಅಗ್ಗದ ಡಿಜಿಟಲ್ ವಾಚು. ಜನತಾ ಮನೆಯಲ್ಲೇ ಇರುತ್ತದೆ.

ಹವ್ಯಾಸ ಅಂತ ಇದರಿಂದ ಏನು ಸಿಕ್ಕಿತು? ಫೋನ್ ನೋಡುವುದು ಕಡಿಮೆಯಾಯಿತು, ಮನಸ್ಸಿಗೆ ಶಾಂತಿ ಬಂತು ಅಂತೆಲ್ಲ ಹೇಳಲಾರೆ. ಫೋನ್ ಮೊದಲಿನಷ್ಟೇ ನೋಡುತ್ತೇನೆ. ಈಗ ವಾಚು ಮಾರುವ ಗುಂಪುಗಳನ್ನು ಜಾಸ್ತಿ ನೋಡುತ್ತೇನೆ, ಅಷ್ಟೇ. ಸಿಕ್ಕಿದ್ದು ಬೇರೆ. ಬೆಳಿಗ್ಗೆ ಇವತ್ತು ಯಾವುದು ಅಂತ ಡಬ್ಬಿ ತೆರೆಯುವ ಅರ್ಧ ನಿಮಿಷ. ವೃತ್ತಿಯ ಚಾಳಿಯಿಂದ ಹುಟ್ಟಿದ ಒಂದು ರಿಜಿಸ್ಟರು: ಲೈಬ್ರರಿಯ ಅಕ್ಸೆಷನ್ ರಿಜಿಸ್ಟರಿನ ಹಾಗೆಯೇ ಗೆರೆ ಹಾಕಿ ಪ್ರತಿ ವಾಚಿಗೂ ಒಂದು ನಂಬರು, ಎಲ್ಲಿಂದ ಬಂತು, ಹಿಂದಿನ ಮುಚ್ಚಳದ ಮೇಲೆ ಏನು ಕೆತ್ತಿದೆ, ಸರ್ವೀಸ್ ಯಾವಾಗ, ಷರಾ ಏನು. ಕೊಹಿನೂರ್ ಅನ್ನುವ ಮಾಡೆಲ್ ಒಂದರ ಮುಚ್ಚಳದ ಮೇಲೆ ಯಾರದ್ದೋ ಮೊದಲಕ್ಷರಗಳು, 1983 ಅಂತ ಇಸವಿ ಕೈಯಲ್ಲಿ ಕೆತ್ತಿದೆ. ಷರಾ ಕಾಲಂನಲ್ಲಿ ‘ಹಿಂದಿನ ಓದುಗರು ಗುರುತು ಮಾಡಿದ್ದಾರೆ’ ಅಂತ ಬರೆದಿದ್ದೇನೆ. ಪುಸ್ತಕಕ್ಕೆ ಬರೆಯುವುದೂ ಹಾಗೇ ಅಲ್ವಾ.

ಇನ್ನೊಂದು ಸಿಕ್ಕಿದ್ದು ಅಪರಿಚಿತರ ಮಾತು. ಬ್ಯಾಂಕಿನ ಸಾಲಿನಲ್ಲಿ, ಬಸ್ಸಿನಲ್ಲಿ, ಐವತ್ತು ದಾಟಿದವರು ಯಾರಾದರೂ ಕೈ ನೋಡಿ ‘ಎಚ್‌ಎಂಟಿನಾ?’ ಅನ್ನುತ್ತಾರೆ. ಅಲ್ಲಿಂದ ತಮ್ಮ ವಾಚು ಯಾವುದು, ಯಾರು ಕೊಡಿಸಿದರು, ಎಲ್ಲಿ ಕಳೆಯಿತು ಅಂತ ಶುರು. ಬೆಲೆಬಾಳುವ ವಿದೇಶಿ ವಾಚು ಕಟ್ಟಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಹುಚ್ಚು ಸ್ವಲ್ಪ ಏರಿದ ಮೇಲೆ ಬೆಂಗಳೂರಿನ ಜಾಲಹಳ್ಳಿಗೆ ಹೋಗಿ ಬನ್ನಿ. ಎಚ್‌ಎಂಟಿ ಎಸ್ಟೇಟಿನಲ್ಲಿ 2019ರಲ್ಲಿ ತೆರೆದ ಹೆರಿಟೇಜ್ ಸೆಂಟರ್ ಇದೆ. ತುಮಕೂರು ರಸ್ತೆಯ ಬಸ್ಸಿನಲ್ಲಿ ಜಾಲಹಳ್ಳಿ ಕ್ರಾಸಿಗೆ ಇಳಿದು ಆಟೋ ಹಿಡಿದರೆ ಸಾಕು. ಮರಗಳ ನಡುವಿನ ಹಳೆ ಬಂಗಲೆ. ಟ್ರ್ಯಾಕ್ಟರು, ಯಂತ್ರಗಳು ಹೊರಗೆ, ವಾಚುಗಳು ಒಳಗೆ. ಕಣ್ಣು ಕಾಣದವರಿಗಾಗಿ ಮಾಡಿದ ಬ್ರೈಲ್ ವಾಚು ನನಗೆ ಬಹಳ ಹಿಡಿಸಿತು. ಗ್ಲಾಸು ಮುಚ್ಚಳದಂತೆ ತೆರೆಯುತ್ತದೆ, ಉಬ್ಬು ಚುಕ್ಕಿಗಳನ್ನೂ ಮುಳ್ಳುಗಳನ್ನೂ ಬೆರಳಲ್ಲಿ ಮುಟ್ಟಿ ಟೈಮ್ ತಿಳಿಯಬೇಕು. ಅಂಗಡಿಯ ಜಾಹೀರಾತಿಗಿಂತ ಇಂಥ ಜಾಗದಲ್ಲಿ ಅಸಲಿ ಡಯಲ್ ಹೇಗಿರುತ್ತದೆ ಅಂತ ಕಣ್ಣು ಪಳಗಿಸಿಕೊಳ್ಳಬಹುದು, ಕೊಳ್ಳುವ ಮೊದಲೇ ಹೋದರೆ ಇನ್ನೂ ಒಳ್ಳೆಯದು. ಫೋಟೋ ತೆಗೆಯಲು ಬಿಟ್ಟರೆ ಅಕ್ಷರಗಳ ಹತ್ತಿರದ ಫೋಟೋ ತೆಗೆದಿಟ್ಟುಕೊಳ್ಳಿ. ಲಾಲ್‌ಬಾಗಿನ ಹೂವಿನ ಗಡಿಯಾರವೂ ಎಚ್‌ಎಂಟಿ ಕೊಟ್ಟದ್ದೇ, ಅಷ್ಟು ದೂರ ಹೋದವರು ಅದನ್ನೂ ನೋಡಬಹುದು. ಅದಕ್ಕೆ ಅಂತಲೇ ಹೋಗುವಷ್ಟೇನಿಲ್ಲ.

ಯಾರು ಕೊಳ್ಳಬಾರದು ಅಂತಲೂ ಹೇಳಬೇಕು. ಆಪರೇಷನ್ ಥಿಯೇಟರಿನಲ್ಲೋ ರೈಲ್ವೆಯಲ್ಲೋ ಇದ್ದು ಸೆಕೆಂಡಿನ ಲೆಕ್ಕ ಬೇಕಾದವರಿಗೆ ಇದು ಬೇಡ. ದಿನಾ ನೀರಿನಲ್ಲಿ ಕೈ ಆಡಿಸುವ ಕೆಲಸದವರಿಗೂ ಬೇಡ. ಬೆಲೆ ಏರುತ್ತೆ, ಐದು ವರ್ಷ ಇಟ್ಟು ಮಾರೋಣ ಅನ್ನುವವರಿಗಂತೂ ಬೇಡವೇ ಬೇಡ. ಲಕ್ಷಗಟ್ಟಲೆ ಮಾಡಿದ ವಾಚು ಇದು, ಅಪರೂಪದ್ದಲ್ಲ. ಉಡುಗೊರೆ ಕೊಡುವುದಾದರೂ ಒಮ್ಮೆ ಕೇಳಿ ಕೊಡಿ. ನನ್ನ ಅಣ್ಣನ ಮಗನಿಗೆ ಒಂದು ಕೊಟ್ಟೆ, ಮೂರನೇ ದಿನ ಫೋನ್ ಮಾಡಿ ‘ಅತ್ತೆ, ಇದರ ಚಾರ್ಜರ್ ಪಿನ್ ಯಾವುದು’ ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಲ್ಲ, ನಿಜವಾಗಿಯೇ ಕೇಳಿದ್ದು. ಈಗ ಅವನು ಪೈಲಟ್ ಬೇಕು ಅನ್ನುತ್ತಿದ್ದಾನೆ, ಕಪ್ಪು ಡಯಲ್‌ದು. ಸಾಹೇಬರಿಗೆ ಹೇಳಿಟ್ಟಿದ್ದೇನೆ, ಅಸಲಿ ಯಾವುದಾದರೂ ರಿಪೇರಿಗೆ ಬಂದು ಮಾರಾಟಕ್ಕಿದ್ದರೆ ತಿಳಿಸಿ ಅಂತ.